ಐದು ಲಕ್ಷದ ಕಾರ್ಡಿನಲ್ಲಿ ಹಲ್ಲಿನ ಸೆಟ್ ಏಕೆ ಸಿಗುವುದಿಲ್ಲ?

70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಮಿತಿಯೇ ಇಲ್ಲದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವುದಾಗಿ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 11ರಂದು ತೀರ್ಮಾನಿಸಿತು. ಅದೇ ವರ್ಷ ಅಕ್ಟೋಬರ್ 29ರಂದು ‘ಆಯುಷ್ಮಾನ್ ವಯ ವಂದನ’ ಕಾರ್ಡಿಗೆ ಚಾಲನೆ ಸಿಕ್ಕಿತು. ಸುಮಾರು 4.5 ಕೋಟಿ ಕುಟುಂಬಗಳ 6 ಕೋಟಿ ಹಿರಿಯರಿಗೆ ಇದರಿಂದ ಅನುಕೂಲವಾಗುತ್ತದೆ ಎಂಬುದು ಸರ್ಕಾರದ ಲೆಕ್ಕ. ಈ ಸುದ್ದಿ ಓದಿದ ಅನೇಕರಿಗೆ ಮೊದಲು ಹೊಳೆದ ಪ್ರಶ್ನೆ ಹೃದಯದ್ದಲ್ಲ, ಮಂಡಿಯದ್ದೂ ಅಲ್ಲ, ಹಲ್ಲಿನದು. ಅಲ್ಲಾಡುವ ಹಲ್ಲು ಕೀಳಿಸಲು, ರೂಟ್ ಕೆನಾಲ್ ಮಾಡಿಸಲು, ಹಲ್ಲಿನ ಸೆಟ್ ಕಟ್ಟಿಸಲು ಈ ಕಾರ್ಡು ನಡೆಯುತ್ತದೆಯೇ?

ನಡೆಯುವುದಿಲ್ಲ. ಐದು ಲಕ್ಷ ರೂಪಾಯಿ ಭರಿಸುವ ಯೋಜನೆ ಕೆಲವೇ ಸಾವಿರದ ಹಲ್ಲಿನ ಚಿಕಿತ್ಸೆಯನ್ನು ಬಿಟ್ಟದ್ದೇಕೆ ಎಂಬ ಗೊಂದಲ ಸಹಜ. ಇದಕ್ಕೆ ಕಾರಣ ಯಾರದೋ ಮರೆವಲ್ಲ, ಯೋಜನೆಯನ್ನು ಕಟ್ಟಿದ ರೀತಿಯೇ ಹಾಗಿದೆ.

ಮಂಚಕ್ಕೆ ಹಣ, ಕುರ್ಚಿಗಿಲ್ಲ

2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ, ಆಯುಷ್ಮಾನ್ ಭಾರತ್ ಎಂದೇ ಪರಿಚಿತವಾದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಮೂಲತಃ ಒಳರೋಗಿಗಳ ಯೋಜನೆ. ರೋಗಿ ಆಸ್ಪತ್ರೆಗೆ ದಾಖಲಾಗಬೇಕು, ನಿಗದಿತ ಚಿಕಿತ್ಸೆಗೆ ನಿಗದಿತ ದರವನ್ನು ಸರ್ಕಾರ ಆಸ್ಪತ್ರೆಗೆ ಕೊಡಬೇಕು. ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಔಷಧ, ತಪಾಸಣೆಯೂ ಅದರಲ್ಲಿ ಸೇರುತ್ತದೆ. ಬಂದು ತೋರಿಸಿಕೊಂಡು ಮನೆಗೆ ಹೋಗುವ ಹೊರರೋಗಿಯ ಖರ್ಚು ಸೇರುವುದಿಲ್ಲ. ವಯ ವಂದನ ಕಾರ್ಡು ಇದೇ ಯೋಜನೆಯ ವಿಸ್ತರಣೆಯಾದ್ದರಿಂದ ಅದರ ನಿಯಮವೇ ಇದಕ್ಕೂ ಅನ್ವಯಿಸುತ್ತದೆ.

ಹಾಗೆಂದು ಬಾಯಿಗೆ ಸಂಬಂಧಿಸಿದ್ದೆಲ್ಲ ಹೊರಗುಳಿದಿಲ್ಲ. ಬಿದ್ದು ದವಡೆಯ ಮೂಳೆ ಮುರಿದರೆ, ದವಡೆಯಲ್ಲಿ ಗಡ್ಡೆ ಬೆಳೆದರೆ, ಬಾಯಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಬೇಕಾದರೆ ಯೋಜನೆ ನೆರವಿಗೆ ಬರುತ್ತದೆ. ಏಕೆಂದರೆ ಅಲ್ಲಿ ರೋಗಿ ಮಂಚದ ಮೇಲೆ ಮಲಗಬೇಕಾಗುತ್ತದೆ. ಹಲ್ಲಿನ ಮಾಮೂಲು ಚಿಕಿತ್ಸೆಗಳೆಲ್ಲ ಕುರ್ಚಿಯಲ್ಲೇ ಮುಗಿಯುತ್ತವೆ. ಖಾಸಗಿ ಆರೋಗ್ಯ ವಿಮೆಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಅಪಘಾತದಲ್ಲಿ ಹಲ್ಲಿಗೆ ಪೆಟ್ಟಾದರೆ ಮಾತ್ರ ಹಣ ಎಂಬ ಷರತ್ತು ಬಹುಪಾಲು ಪಾಲಿಸಿಗಳಲ್ಲಿದೆ. 65 ದಾಟಿದವರೂ ಹೊಸ ಪಾಲಿಸಿ ಪಡೆಯಲು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ಅವಕಾಶ ಮಾಡಿಕೊಟ್ಟಿತು. ಆದರೆ ಹಲ್ಲಿನ ಷರತ್ತು ಹಾಗೇ ಉಳಿಯಿತು.

ಕೇಂದ್ರ ಸರ್ಕಾರದ ನೌಕರರು ಮತ್ತು ಪಿಂಚಣಿದಾರರಿಗಿರುವ ಸಿಜಿಎಚ್‌ಎಸ್, ಮಾಜಿ ಸೈನಿಕರಿಗಿರುವ ಇಸಿಎಚ್‌ಎಸ್ ಯೋಜನೆಗಳಲ್ಲಿ ಹಲ್ಲಿನ ಚಿಕಿತ್ಸೆಗೆ ನಿಗದಿತ ದರಗಳಿವೆ. ಅಂದರೆ ಸರ್ಕಾರದ ಹಣದಲ್ಲಿ ಹಲ್ಲಿನ ಚಿಕಿತ್ಸೆ ಕೊಡುವುದು ಆಗದ ಕೆಲಸವೇನಲ್ಲ. ನಿವೃತ್ತ ಅಧಿಕಾರಿಯ ವಸಡಿಗೂ ಹೊಲದಲ್ಲಿ ದುಡಿದು ಸವೆದವರ ವಸಡಿಗೂ ಬರುವ ಕಾಯಿಲೆ ಒಂದೇ, ವ್ಯವಸ್ಥೆ ಮಾತ್ರ ಬೇರೆ ಬೇರೆ.

ಬಾಯಿಯನ್ನು ದೇಹದಿಂದ ಬೇರ್ಪಡಿಸಿದ ಇತಿಹಾಸ

ಇದು ಭಾರತದಲ್ಲಿ ಹುಟ್ಟಿದ ಸಮಸ್ಯೆಯಲ್ಲ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ದಂತ ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗಿನಿಂದ ಹಲ್ಲಿನ ವೈದ್ಯರೇ ಬೇರೆ, ದೇಹದ ವೈದ್ಯರೇ ಬೇರೆ ಎಂಬ ವಿಭಜನೆ ಗಟ್ಟಿಯಾಯಿತು. ಪಠ್ಯ, ಪದವಿ, ಪರಿಷತ್ತು ಎಲ್ಲವೂ ಪ್ರತ್ಯೇಕವಾದವು. 1965ರಲ್ಲಿ ಅಮೆರಿಕ ಹಿರಿಯರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ತಂದಾಗ ಹಲ್ಲು ತುಂಬಿಸುವುದು, ಕೀಳುವುದು, ಬದಲಿ ಹಲ್ಲು ಕೂರಿಸುವುದು ಇದರಲ್ಲಿ ಸೇರುವುದಿಲ್ಲ ಎಂದು ಕಾನೂನಿನಲ್ಲೇ ಬರೆಯಲಾಯಿತು. ಅಂಗಾಂಗ ಕಸಿ, ಹೃದಯದ ಕವಾಟದ ಶಸ್ತ್ರಚಿಕಿತ್ಸೆಗಳಿಗೆ ಮುನ್ನ ಬೇಕಾಗುವ ಹಲ್ಲಿನ ಚಿಕಿತ್ಸೆಗೆ ಈಚಿನ ವರ್ಷಗಳಲ್ಲಿ ವಿನಾಯಿತಿ ಸಿಕ್ಕಿದೆಯೇ ಹೊರತು ಮೂಲ ನಿಯಮ ಬದಲಾಗಿಲ್ಲ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವ ಕನ್ನಡದ ತಂದೆ-ತಾಯಂದಿರು ವಿಮಾನ ಹತ್ತುವ ಮೊದಲೇ ಊರಿನಲ್ಲಿ ಹಲ್ಲು ತೋರಿಸಿಕೊಳ್ಳುವುದಕ್ಕೆ ಅಲ್ಲಿನ ದುಬಾರಿ ಹಲ್ಲಿನ ಚಿಕಿತ್ಸೆಯೇ ಕಾರಣ.

ಕೆನಡಾ ಬೇರೆ ದಾರಿ ಹಿಡಿಯಿತು. ವಿಮೆ ಇಲ್ಲದ, ನಿಗದಿತ ಆದಾಯಕ್ಕಿಂತ ಕಡಿಮೆ ಇರುವ ಕುಟುಂಬಗಳಿಗೆ ಸರ್ಕಾರಿ ದಂತ ಚಿಕಿತ್ಸಾ ಯೋಜನೆ ರೂಪಿಸಿ, 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿತು. ಮೊದಲ ಅವಕಾಶ ಸಿಕ್ಕಿದ್ದು 87 ವರ್ಷ ದಾಟಿದವರಿಗೆ.

ವಯಸ್ಸಾದಂತೆ ಬಾಯಲ್ಲಿ ಆಗುವುದೇನು?

‘ವಯಸ್ಸಾಯಿತು, ಹಲ್ಲು ಬಿದ್ದಿತು’ ಎಂಬ ಮಾತು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಹಲ್ಲು ಬೀಳುವುದನ್ನು ಕೂದಲು ನರೆಯುವುದರ ಜೊತೆಗೇ ಎಣಿಸುತ್ತೇವೆ. ಇಲ್ಲೇ ಮೊದಲ ತಪ್ಪು ಆಗುತ್ತಿದೆ. ವಯಸ್ಸಿನಿಂದಲೇ ಹಲ್ಲು ಬೀಳುವುದಿಲ್ಲ. ವಸಡಿನ ರೋಗದಿಂದ ಬೀಳುತ್ತದೆ, ಹುಳುಕಿನಿಂದ ಬೀಳುತ್ತದೆ. ಎರಡನ್ನೂ ತಡೆಯಬಹುದು.

ಹಲ್ಲಿನ ಬುಡದಲ್ಲಿ ಸೇರುವ ಪಾಚಿ ದಿನ ಕಳೆದಂತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ಸುತ್ತ ವಸಡು ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಹಲ್ಲನ್ನು ಹಿಡಿದಿಟ್ಟ ಮೂಳೆ ಕರಗುತ್ತದೆ. ಹಲ್ಲು ಅಲ್ಲಾಡತೊಡಗುವುದು ಕೊನೆಯ ಹಂತದಲ್ಲಿ. ಬಹಳ ಜನ ವೈದ್ಯರ ಬಳಿ ಬರುವುದೂ ಆಗಲೇ. ಹಲ್ಲು ಸ್ವಚ್ಛಗೊಳಿಸಿಕೊಂಡರೆ ಸಡಿಲವಾಗುತ್ತದೆ ಎಂಬ ಭಯ ಇದಕ್ಕೊಂದು ಕಾರಣ. ವಾಸ್ತವದಲ್ಲಿ ಹಲ್ಲು ಮೊದಲೇ ಸಡಿಲವಾಗಿರುತ್ತದೆ. ಸುತ್ತಲಿನ ಗಟ್ಟಿ ಪಾಚಿ ಅದನ್ನು ಅಲುಗದಂತೆ ಮರೆಮಾಚಿರುತ್ತದೆ, ತೆಗೆದಾಗ ನಿಜಸ್ಥಿತಿ ಕಾಣುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ನಂಬಿಕೆಯೂ ಹಳ್ಳಿ-ಪೇಟೆಗಳಲ್ಲಿ ಇನ್ನೂ ಇದೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಹಲ್ಲು ಹೋಗುವ ವಯಸ್ಸು ಮತ್ತು ಕಣ್ಣಿಗೆ ಪೊರೆ ಬರುವ ವಯಸ್ಸು ಒಂದೇ ಆಗಿರುವುದರಿಂದ ಹುಟ್ಟಿದ ನಂಬಿಕೆ ಅದು.

ವಸಡು ಹಿಂದೆ ಸರಿದಾಗ ಇನ್ನೊಂದು ಅಪಾಯ ತೆರೆದುಕೊಳ್ಳುತ್ತದೆ. ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್‌ನ ಗಟ್ಟಿ ಕವಚವಿದೆ, ಬೇರಿಗೆ ಇಲ್ಲ. ಎನಾಮಲ್ ತಡೆದುಕೊಳ್ಳುವ ಸೌಮ್ಯ ಆಮ್ಲಕ್ಕೂ ಬೇರು ಕರಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಬೂದಿಯಲ್ಲಿ ದಶಕಗಳ ಕಾಲ ಹಲ್ಲು ತಿಕ್ಕಿದವರಲ್ಲಿ ಆ ಭಾಗ ಮೊದಲೇ ಸವೆದು ಗುಳಿ ಬಿದ್ದಿರುತ್ತದೆ.

ಇದರ ಮೇಲೆ ಲಾಲಾರಸದ ಕೊರತೆ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರ್‌ನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಸುರಿಯುತ್ತದೆ. ಅದು ಆಮ್ಲವನ್ನು ತೊಳೆದು ಹಲ್ಲಿಗೆ ಖನಿಜವನ್ನು ಮರಳಿಸುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಖಿನ್ನತೆಯ ಔಷಧಗಳು, ಅಲರ್ಜಿ ಮಾತ್ರೆಗಳು ಇದನ್ನು ತಗ್ಗಿಸುತ್ತವೆ. ಎಪ್ಪತ್ತರ ವಯಸ್ಸಿನವರು ಇವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ನುಂಗುತ್ತಿರುವುದು ಸಾಮಾನ್ಯ. ಬಾಯಿ ಒಣಗಿತೆಂದು ಪೆಪ್ಪರ್‌ಮೆಂಟ್ ಚೀಪುತ್ತಾರೆ, ಸಿಹಿ ಕಾಫಿಯನ್ನು ಮತ್ತೆ ಮತ್ತೆ ಗುಟುಕರಿಸುತ್ತಾರೆ. ತೊಳೆಯುವ ಜೊಲ್ಲಿಲ್ಲದ ಬಾಯಲ್ಲಿ ಆ ಸಕ್ಕರೆ ಬೇರಿಗೆ ಅಂಟಿ ಕೂರುತ್ತದೆ. ಒಂದೆರಡು ವರ್ಷದಲ್ಲೇ ಸಾಲು ಹಲ್ಲುಗಳು ಬುಡದಲ್ಲಿ ಕಪ್ಪಾಗಿ ಮುರಿಯುವುದು ಹೀಗೆ.

ಕಾಯಿಲೆ ಬಾಯಲ್ಲೇ ನಿಲ್ಲುವುದಿಲ್ಲ

ಹಲ್ಲಿನ ನೋವಿನಿಂದ ಪ್ರಾಣ ಹೋಗುವುದಿಲ್ಲ, ಆದ್ದರಿಂದ ಸರ್ಕಾರದ ಹಣ ಮೊದಲು ಹೃದಯಕ್ಕೆ, ಮೂತ್ರಪಿಂಡಕ್ಕೆ ಹೋಗಲಿ ಎಂಬ ವಾದವಿದೆ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಹಲ್ಲು ಹೋದ ಮನೆಯ ತಟ್ಟೆಯನ್ನು ಗಮನಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ಮೊದಲು ತಟ್ಟೆಯಿಂದ ಹೋಗುವುದು ಕಡಲೆ, ಮೊಳಕೆ ಕಾಳು, ಹಸಿ ಸೌತೆಕಾಯಿ. ಬಳಿಕ ಸೊಪ್ಪಿನ ಪಲ್ಯ, ಮಾಂಸ. ಉತ್ತರ ಕರ್ನಾಟಕದ ಮನೆಗಳಲ್ಲಿ ಖಡಕ್ ರೊಟ್ಟಿ ಹೋಗಿ ಸಾರಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ ಬರುತ್ತದೆ, ಅದೂ ಆಗದಾಗ ನುಚ್ಚು. ಹಳೆ ಮೈಸೂರು ಭಾಗದವರಿಗೆ ಮುದ್ದೆ ಆಸರೆಯಾಗುತ್ತದೆ, ಏಕೆಂದರೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹೊಟ್ಟೆ ತುಂಬುವುದರಿಂದ ಮನೆಯವರಿಗೆ ಕೊರತೆ ಕಾಣುವುದಿಲ್ಲ. ಆದರೆ ನಾರು ಮತ್ತು ಪ್ರೋಟೀನ್ ಇಳಿದು, ಗಂಜಿ, ಬಿಸ್ಕತ್ತು, ಹಾಲಿನಲ್ಲಿ ಅದ್ದಿದ ಬನ್ನು ಏರಿರುತ್ತವೆ. ಪ್ರೋಟೀನ್ ಕಡಿಮೆಯಾದರೆ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದವರು ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದು ಮಂಚ ಹಿಡಿದಾಗ ಕಾರ್ಡು ಕೆಲಸ ಮಾಡುತ್ತದೆ. ಪ್ರತಿ ಬೀಳುವಿಕೆಗೂ ಹಲ್ಲೇ ಕಾರಣ ಎನ್ನಲಾಗದು. ಆದರೆ ಆ ಸರಪಳಿಯ ಒಂದು ಕೊಂಡಿ ಬಾಯಲ್ಲಿರುವುದು ನಿಜ.

ಮಧುಮೇಹ ಮತ್ತು ವಸಡಿನ ರೋಗದ ನಂಟು ಇನ್ನೂ ಸ್ಪಷ್ಟ. ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡಿನ ಸೋಂಕಿನಿಂದ ಸಕ್ಕರೆಯ ಹತೋಟಿ ಮತ್ತಷ್ಟು ಕಷ್ಟವಾಗುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟಾಗ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಮಟ್ಟ ಅಲ್ಪವಾದರೂ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಾಸಿಗೆ ಹಿಡಿದವರಲ್ಲಿ ಬಾಯಿಯ ಕೊಳೆ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೈ ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸುವ ಮನೆಯವರು ಬಾಯಿಯೊಳಗೆ ಮಾತ್ರ ಕೈ ಹಾಕಲು ಹಿಂಜರಿಯುತ್ತಾರೆ. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಒದ್ದೆ ಹತ್ತಿಬಟ್ಟೆಯಿಂದ ವಸಡು, ನಾಲಿಗೆ ಒರೆಸುವುದಕ್ಕೆ ಎರಡು ನಿಮಿಷ ಸಾಕು.

ದಂತ ಭಾಗ್ಯ ಎಲ್ಲಿಗೆ ಬಂತು, ಎಲ್ಲಿ ನಿಂತಿತು?

ಕರ್ನಾಟಕದವರಿಗೆ ಇನ್ನೊಂದು ಗೊಂದಲವೂ ಇದೆ. ಉಚಿತ ಹಲ್ಲಿನ ಸೆಟ್ ಕೊಡುವ ಯೋಜನೆ ಇಲ್ಲಿತ್ತಲ್ಲ? ಹೌದು. 2014ರಲ್ಲಿ ರಾಜ್ಯ ಸರ್ಕಾರ ರೂಪಿಸಿದ ‘ದಂತ ಭಾಗ್ಯ’ ಬಿಪಿಎಲ್ ಕುಟುಂಬದ 60 ದಾಟಿದವರಿಗೆ ದಂತ ವೈದ್ಯಕೀಯ ಕಾಲೇಜುಗಳ ಮೂಲಕ ಉಚಿತ ಕೃತಕ ದಂತಪಂಕ್ತಿ ಕೊಡುವ ಯೋಜನೆ. ಬಳಿಕ ವಯಸ್ಸಿನ ಮಿತಿಯನ್ನು ಇಳಿಸಲಾಯಿತು. ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಅವುಗಳಲ್ಲಿ ಖಾಸಗಿಯವೇ ಬಹುಪಾಲು. ಆ ಶಕ್ತಿಯನ್ನು ಬಡವರಿಗೆ ಬಳಸಿಕೊಳ್ಳುವ ಆಲೋಚನೆ ನಿಜಕ್ಕೂ ಒಳ್ಳೆಯದು. ವಯ ವಂದನ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಬೇಕಾದದ್ದು ಬಿಪಿಎಲ್ ಪಡಿತರ ಚೀಟಿ. ಹೀಗಾಗಿ ಚಿಕ್ಕ ಪಿಂಚಣಿಯಲ್ಲಿ ಬದುಕುವ ಎಪಿಎಲ್ ಚೀಟಿಯ ಹಿರಿಯರಿಗೆ ಹಲ್ಲಿನ ಸೆಟ್ ಎರಡರಿಂದಲೂ ಸಿಗುವುದಿಲ್ಲ.

ಸಂಪೂರ್ಣ ಸೆಟ್ ಎಂದರೆ ಔಷಧ ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ. ಮೊದಲ ಭೇಟಿಯಲ್ಲಿ ವಸಡಿನ ಅಚ್ಚು ತೆಗೆಯುತ್ತಾರೆ. ಎರಡನೆಯದರಲ್ಲಿ ಇನ್ನಷ್ಟು ನಿಖರವಾದ ಅಚ್ಚು. ಮೂರನೆಯ ಸಲ ಮೇಣದ ದಿಂಡುಗಳನ್ನು ಬಾಯಲ್ಲಿಟ್ಟು, ಎರಡು ದವಡೆಗಳ ನಡುವಿನ ಎತ್ತರ, ಕಚ್ಚುವ ಸ್ಥಾನ ಗುರುತಿಸುತ್ತಾರೆ. ನಾಲ್ಕನೆಯ ಸಲ ಮೇಣದಲ್ಲಿ ಜೋಡಿಸಿದ ಹಲ್ಲುಗಳನ್ನು ಕೂರಿಸಿ, ಮಾತಾಡಿಸಿ, ಕನ್ನಡಿ ತೋರಿಸುತ್ತಾರೆ. ಐದನೆಯ ಸಲ ಸೆಟ್ ಕೈಗೆ ಬರುತ್ತದೆ. ಅದಾದ ಮೇಲೆ ಒತ್ತಿ ಹುಣ್ಣಾದ ಕಡೆ ಉಜ್ಜಿಸಿಕೊಳ್ಳಲು ಒಂದೆರಡು ಬಾರಿಯಾದರೂ ಹೋಗಬೇಕು. ಊರಿನಿಂದ ನಗರದ ಕಾಲೇಜಿಗೆ ಆರೇಳು ಪ್ರಯಾಣ. ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ಸಿನ ಟಿಕೆಟ್ ಉಳಿದೀತು. ಜೊತೆಗೆ ಹೋಗುವ ಮಗನ ದಿನಗೂಲಿ ಉಳಿಯುವುದಿಲ್ಲ. ಆ ಕೊನೆಯ ಒಂದೆರಡು ಭೇಟಿ ತಪ್ಪಿದ ಸೆಟ್ಟುಗಳೇ ಸ್ಟೀಲ್ ಡಬ್ಬಿ ಸೇರಿ ಗೂಡಿನಲ್ಲಿ ಉಳಿಯುತ್ತವೆ.

ಚೆನ್ನಾಗಿ ಕೂತ ಸೆಟ್ ಕೂಡ ಸ್ವಂತ ಹಲ್ಲಿಗೆ ಸಮನಲ್ಲ. ಅಗಿಯುವ ಬಲ ಸ್ವಂತ ಹಲ್ಲಿನ ನಾಲ್ಕನೆಯ ಒಂದು ಭಾಗದಷ್ಟು ಸಿಕ್ಕರೆ ಹೆಚ್ಚು. ಹಲ್ಲು ಹೋದ ದವಡೆಯ ಮೂಳೆ ವರ್ಷ ವರ್ಷ ಕರಗುತ್ತದೆ, ಅದರಲ್ಲೂ ಕೆಳದವಡೆಯದು ಬೇಗ. ಆದ್ದರಿಂದ ಐದಾರು ವರ್ಷಗಳಲ್ಲಿ ಸೆಟ್ ಸಡಿಲವಾಗಿ ಹೊಸದು ಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ದಂತ ಭಾಗ್ಯದ ದೊಡ್ಡ ಮಿತಿ ಇದೇ: ಅದು ಹಲ್ಲೆಲ್ಲ ಕಳೆದುಕೊಂಡ ಮೇಲೆ ಕೈಹಿಡಿಯುವ ಯೋಜನೆ. ಉಳಿಸಿಕೊಳ್ಳಬಹುದಾದ ಎಂಟು ಹತ್ತು ಹಲ್ಲುಗಳಿರುವ 62 ವರ್ಷದ ಬಡವರಿಗೆ ವಸಡಿನ ಚಿಕಿತ್ಸೆ ಕೈಗೆಟುಕುವುದಿಲ್ಲ, ಕೀಳಿಸಿದರೆ ಸೆಟ್ ಉಚಿತ. ಕೀಳಿಸುವುದೇ ಸುಲಭದ ದಾರಿಯಾಗುತ್ತದೆ.

ಹಣ ಯಾರು, ಹೇಗೆ ಕೊಡಬೇಕು?

ಹಲ್ಲಿನ ಚಿಕಿತ್ಸೆಯನ್ನೂ ಆಯುಷ್ಮಾನ್ ಪಟ್ಟಿಗೆ ಸೇರಿಸಿ ಎಂಬುದು ಒಂದು ಬೇಡಿಕೆ. ವಿಮಾ ತಜ್ಞರು ಇದನ್ನು ಒಪ್ಪುವುದಿಲ್ಲ. ವಿಮೆ ಇರುವುದು ಯಾವಾಗಲೋ ಒಮ್ಮೆ ಕೆಲವರಿಗೆ ಮಾತ್ರ ಬರುವ ದೊಡ್ಡ ಖರ್ಚಿಗೆ. ಹಲ್ಲಿನ ಖರ್ಚು ಚಿಕ್ಕದು, ಆದರೆ ಎಲ್ಲರಿಗೂ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ. ಕೋಟ್ಯಂತರ ಚಿಕ್ಕ ಬಿಲ್ಲುಗಳನ್ನು ಪರಿಶೀಲಿಸುವ ವೆಚ್ಚವೇ ಹೆಚ್ಚಾಗುತ್ತದೆ, ಮಾಡದ ಚಿಕಿತ್ಸೆಗೆ ಬಿಲ್ ಮಾಡುವ ವಂಚನೆಯನ್ನು ಹಿಡಿಯುವುದೂ ಕಷ್ಟ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಆದರೆ ವಿಮೆ ಬೇಡವೆಂದರೆ ಚಿಕಿತ್ಸೆಯೇ ಬೇಡವೆಂದಲ್ಲ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ, ಅಂದರೆ ಮೇಲ್ದರ್ಜೆಗೇರಿಸಿದ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಕೊಡಬೇಕಾದ 12 ಬಗೆಯ ಸೇವೆಗಳ ಪಟ್ಟಿಯಲ್ಲಿ ಬಾಯಿಯ ಆರೋಗ್ಯವೂ ಇದೆ, ಹಿರಿಯರ ಆರೈಕೆಯೂ ಇದೆ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಿಂದಲೇ ಇದೆ. ಕೊರತೆ ಇರುವುದು ಕುರ್ಚಿ, ವೈದ್ಯರು ಮತ್ತು ಸಾಮಗ್ರಿಗಳದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರಿರುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲದಕ್ಕೂ ವೈದ್ಯರೇ ಬೇಕೆಂದೂ ಇಲ್ಲ. ಹುಳುಕಿನ ಮೇಲೆ ಹಚ್ಚಿದರೆ ಅದು ಹರಡದಂತೆ ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕೊರೆಯುವ ಯಂತ್ರ ಬೇಡ, ಅರಿವಳಿಕೆ ಬೇಡ, ಹಾಸಿಗೆ ಹಿಡಿದವರಿಗೂ ಮನೆಯಲ್ಲೇ ಹಚ್ಚಬಹುದು. ಹುಳುಕು ಕಪ್ಪಾಗಿ ಕಾಣುವುದು ಅದರ ಮುಖ್ಯ ಕೊರತೆ. ವರ್ಷಕ್ಕೆ ಸಾವಿರಾರು ದಂತ ವೈದ್ಯರನ್ನು ಹೊರತರುವ ರಾಜ್ಯದಲ್ಲಿ ಇದನ್ನು ಹಚ್ಚುವ ಕೈಗಳಿಗೆ ಬರವಿರಬಾರದು. ವಿಮೆಯ ಪಟ್ಟಿ ಹಿಗ್ಗಿಸುವುದಕ್ಕಿಂತ ಈ ದಾರಿಯೇ ಬೇಗ ಫಲ ಕೊಡುತ್ತದೆ ಎಂಬುದು ಈ ಲೇಖನದ ನಿಲುವು.

ಜಪಾನಿನ ಉದಾಹರಣೆ ಇಲ್ಲಿ ಪ್ರಸ್ತುತ. ‘80ರ ವಯಸ್ಸಿನಲ್ಲೂ 20 ಹಲ್ಲು’ ಎಂಬ ಗುರಿಯಿಟ್ಟು 1989ರಲ್ಲಿ ಅಲ್ಲೊಂದು ಆಂದೋಲನ ಶುರುವಾಯಿತು. ಆಗ 80ರ ಆಸುಪಾಸಿನವರಲ್ಲಿ 20 ಹಲ್ಲು ಉಳಿಸಿಕೊಂಡಿದ್ದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 2016ರ ಸಮೀಕ್ಷೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅಷ್ಟು ಹಲ್ಲುಗಳಿದ್ದವು. ಅಲ್ಲಿನ ರಾಷ್ಟ್ರೀಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಸೇರಿದೆ ಎಂಬುದು ನಿಜ. ಆದರೆ ಅಳತೆಗೋಲು ಬದಲಾದದ್ದೂ ಅಷ್ಟೇ ಮುಖ್ಯ: ಎಷ್ಟು ಸೆಟ್ ಹಂಚಿದೆವು ಎಂದಲ್ಲ, ಎಷ್ಟು ಹಲ್ಲು ಉಳಿದವು ಎಂದು ಎಣಿಸಿದರು.

ಸದ್ಯಕ್ಕೆ ಮನೆಯವರು ಮಾಡಬಹುದಾದದ್ದು

ನಿಯಮ ಬದಲಾಗುವವರೆಗೆ ಕಾಯಲಾಗದವರು ಕೆಲವು ಸಂಗತಿ ತಿಳಿದಿರಬೇಕು. ಸರ್ಕಾರಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗ, ಬೆಂಗಳೂರು ಮತ್ತು ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳಲ್ಲಿ ಚಿಕಿತ್ಸೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಖಾಸಗಿ ದಂತ ಕಾಲೇಜುಗಳಲ್ಲೂ ಕ್ಲಿನಿಕ್ಕಿಗಿಂತ ಕಡಿಮೆ. ಹಲ್ಲು ಕೀಳಿಸುವ ಮೊದಲು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಹೃದಯದ ವೈದ್ಯರನ್ನು ಕೇಳಬೇಕು. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನಿಕ್ ಆಮ್ಲದ ಚುಚ್ಚುಮದ್ದು ಪಡೆಯುತ್ತಿರುವವರು ದಂತ ವೈದ್ಯರಿಗೆ ಹೇಳಲೇಬೇಕು. ಅಪರೂಪಕ್ಕೆ ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ. ಸೆಟ್ ಹಾಕಿಕೊಂಡವರು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಬೇಕು. ಹಾಕಿಕೊಂಡೇ ಮಲಗಿದರೆ ಅಂಗುಳಿನಲ್ಲಿ ಶಿಲೀಂಧ್ರ ಸೋಂಕು ಆಗಬಹುದು. ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದವರ ಬಾಯನ್ನು ಹಲ್ಲಿಲ್ಲದಿದ್ದರೂ ಆಗಾಗ ತೋರಿಸಬೇಕು.

ಮುಂದೆ ಏನಾಗಬಹುದು?

2011ರ ಜನಗಣತಿಯ ವೇಳೆಗೇ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ದೇಶದ ಸರಾಸರಿಗಿಂತ ಹೆಚ್ಚು. ಈಗ ಅರವತ್ತಕ್ಕೆ ಕಾಲಿಡುತ್ತಿರುವವರು ಟೂತ್‌ಪೇಸ್ಟ್ ಬಳಸಿ ಬೆಳೆದವರು, ರೂಟ್ ಕೆನಾಲ್, ಕ್ಯಾಪ್ ಮಾಡಿಸಿಕೊಂಡು ಹಲ್ಲು ಉಳಿಸಿಕೊಂಡವರು. ಎಂಬತ್ತು ತಲುಪುವಾಗ ಇವರಲ್ಲಿ ಹೆಚ್ಚಿನವರು ಬೊಚ್ಚುಬಾಯಿಯವರಾಗಿರುವುದಿಲ್ಲ. ಇವರಿಗೆ ಬೇಕಾಗುವುದು ಸೆಟ್ ಅಲ್ಲ, ಬೇರಿನ ಹುಳುಕಿಗೂ ವಸಡಿಗೂ ನಿರಂತರ ಆರೈಕೆ. ಕೈ ನಡುಗಿ ಬ್ರಷ್ ಹಿಡಿಯಲಾಗದ, ಮರೆವಿನಿಂದ ಹಲ್ಲುಜ್ಜುವುದನ್ನೇ ಬಿಟ್ಟ ಕಾಲಕ್ಕೆ ಬಾಯಿ ತುಂಬ ಹಲ್ಲಿರುವುದು ಹೊಸ ಬಗೆಯ ಕಷ್ಟ ತರುತ್ತದೆ. ಸೆಟ್ ಹಂಚಲು ಕಟ್ಟಿದ ವ್ಯವಸ್ಥೆಗೆ ಇದನ್ನು ನಿಭಾಯಿಸಲಾಗದು.

ಇದಕ್ಕೆ ಬೇಕಾದ ಮೊದಲ ಹೆಜ್ಜೆ ಈಗಾಗಲೇ ಮನೆಬಾಗಿಲಿಗೆ ಬರುತ್ತಿದೆ. ಕೋಲಾರದಲ್ಲಿ 2024ರಲ್ಲಿ ಆರಂಭವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆಯ ಜೊತೆ ಬಾಯಿಯ ಕ್ಯಾನ್ಸರ್ ಲಕ್ಷಣವನ್ನೂ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ತುಂಬುವ ಆರೋಗ್ಯ ನಮೂನೆಯಲ್ಲಿ ಬಾಯಿ ತೆರೆಯಲು ಕಷ್ಟವೇ, ಎರಡು ವಾರವಾದರೂ ಮಾಯದ ಹುಣ್ಣಿದೆಯೇ, ಅಗಿಯುವಾಗ ನೋವೇ ಎಂಬ ಪ್ರಶ್ನೆಗಳಿವೆ. ಹುಣ್ಣಿದೆ ಎಂದವರನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಆಕೆಗೆ ಗೊತ್ತಿದೆ. ಕ್ಯಾನ್ಸರ್ ಇಲ್ಲದೆ, ಬರೀ ಅಗಿಯುವಾಗ ನೋವು ಎಂದ ಅಜ್ಜನ ಹೆಸರು ಯಾವ ಆಸ್ಪತ್ರೆಯ ಯಾವ ಕುರ್ಚಿಗೆ, ಎಷ್ಟು ದಿನದೊಳಗೆ ತಲುಪಬೇಕು ಎಂಬುದನ್ನು ಬರೆದಿಡುವ ಕೆಲಸ ಆರೋಗ್ಯ ಇಲಾಖೆಯ ಮುಂದಿದೆ.